ಕುಲುಮೆಗೊಂದು ಕಾಲಿನ ಸ್ವಿಚ್

ಸದ್ದು ಕೇಳಿಸ್ತಿದೆ ಅಲ್ವಾ? ಅದು ನಮ್ಮ ಕುಲುಮೆಯ ಬ್ಲೋವರ್. ಇವತ್ತಿನ ವಿಡಿಯೋ ಪೂರ್ತಿ ಅದರ ಮೇಲಿನ ನನ್ನ ದೂರು.

ಮೊದಲು ಇಲ್ಲಿ ಅಜ್ಜನ ಚರ್ಮದ ತಿದಿ ಇತ್ತು, ಪಕ್ಕದಲ್ಲಿ ಕೂತು ಒತ್ತುತ್ತಿದ್ದದ್ದು ಅಜ್ಜಿ. ಕಾದ ಕಬ್ಬಿಣ ತಟ್ಟುವ ಅಡಿಗಲ್ಲಿಗೆ ಬಂತು ಅಂದರೆ ಅವರ ಕೈಗೆ ಬಿಡುವು, ಗಾಳಿಯೂ ಬಂದ್. ಬ್ಲೋವರಿಗೆ ಕೈ ನೋಯುವುದಿಲ್ಲ ನೋಡಿ. ನಾನು ಈಚೆ ಕುಡುಗೋಲು ತಟ್ಟುತ್ತಿದ್ದರೂ ಅದು ತನ್ನ ಪಾಡಿಗೆ ಊದುತ್ತಲೇ ಇರುತ್ತದೆ, ಖಾಲಿ ಒಲೆಯಲ್ಲಿ ಕಲ್ಲಿದ್ದಲು ಸುಮ್ನೆ ಉರಿದು ಹೋಗುತ್ತದೆ.

ಗಾಳಿ ಜಾಸ್ತಿ ಕೊಟ್ಟಷ್ಟೂ ಕಾವು ಜಾಸ್ತಿ ಅಂತ ನಾನೂ ನಂಬಿದ್ದೆ. ಆದರೆ ಗಾಳಿಯ ನೂರು ಪಾಲಿನಲ್ಲಿ 78 ಸಾರಜನಕ. ಅದು ಉರಿಯುವುದಿಲ್ಲ, ಉರಿಸುವುದೂ ಇಲ್ಲ, ಬಿಸಿ ಕುಡಿದು ಮೇಲೆ ಹೋಗುತ್ತದೆ. ಕೆಂಡಕ್ಕೆ ಬೇಡವಾಗಿ ಮಿಕ್ಕ ಆಮ್ಲಜನಕ ಕಬ್ಬಿಣವನ್ನೇ ತಿನ್ನುತ್ತದೆ. ಅಡಿಗಲ್ಲಿನ ಸುತ್ತ ಕಪ್ಪು ಹಕ್ಕಳೆ ಬಿದ್ದಿದೆಯಲ್ಲ, ಅದೆಲ್ಲ ಕುಡುಗೋಲಾಗಬೇಕಿದ್ದ ಕಬ್ಬಿಣ.

ಅದಕ್ಕೇ ಈ ಕಾಲಿನ ಸ್ವಿಚ್. ತುಳಿದರೆ ಗಾಳಿ, ಬಿಟ್ಟರೆ ಇಲ್ಲ. ಪೈಪಿಗೆ ಒಂದು ತಗಡಿನ ಬಾಗಿಲನ್ನೂ ಇಟ್ಟಿದ್ದೇನೆ, ಅರ್ಧ ತೆರೆದರೆ ಕುಡುಗೋಲಿಗೆ ಧಾರಾಳ.

ಇನ್ನು ಬೆಂಕಿ. ಅಗಲ ಬೇಡ, ಆಳ ಬೇಕು. ನಾನು ಕಬ್ಬಿಣವನ್ನು ನೇರ ತಳಕ್ಕೆ ಚುಚ್ಚುತ್ತಿದ್ದೆ, ಅಲ್ಲಿ ಆಮ್ಲಜನಕ ಇನ್ನೂ ಖರ್ಚಾಗದ ಗಾಳಿ ನೇರ ಬಂದು ಹೊಡೆಯುತ್ತದೆ. ಈಗ ಗಾಳಿ ಬರುವ ತೂತಿನಿಂದ ನಾಲ್ಕೈದು ಬೆರಳು ಮೇಲೆ, ಕೆಂಡದ ನಡುವೆ ಅಡ್ಡಡ್ಡ ಇಟ್ಟು, ಮೇಲೂ ಒಂದಿಷ್ಟು ಕೆಂಡ ಮುಚ್ಚುತ್ತೇನೆ. ಸುತ್ತ ಒದ್ದೆ ಕಲ್ಲಿದ್ದಲಿನ ಕಟ್ಟೆ. ಅದು ಹೊಗೆ ಬಿಟ್ಟು ಹಗುರವಾದ ಮೇಲೆ ಸ್ವಲ್ಪ ಸ್ವಲ್ಪ ಒಳಗೆ ತಳ್ಳುವುದು.

ಇಷ್ಟೆಲ್ಲ ಮಾಡಿಯೂ ಮೊನ್ನೆ ಕಾವೇ ಏರಲಿಲ್ಲ. ಅರ್ಧ ಗಂಟೆ ಬ್ಲೋವರನ್ನು ಬೈದೆ. ನೋಡಿದರೆ ತಳದಲ್ಲಿ ಕಿಟ್ಟ, ಅಂದರೆ ಕಲ್ಲಿದ್ದಲಿನ ಕರಗಿದ ಬೂದಿ, ಗಾಳಿಯ ತೂತಿಗೆ ಅಡ್ಡ ಕಟ್ಟಿದೆ! ಬಿಸಿಯಿದ್ದಾಗ ಅದು ಬೆಲ್ಲದ ಪಾಕದಂತೆ ಅಂಟಂಟು, ಕೆದಕಿದರೆ ಎಲ್ಲ ಕಡೆ ಹರಡುತ್ತದೆ. ಗಾಳಿ ನಿಲ್ಲಿಸಿ ಒಂದು ಟೀ ಕುಡಿದು ಬನ್ನಿ. ಗಟ್ಟಿಯಾಗಿರುತ್ತದೆ, ಕೊಕ್ಕೆ ಹಾಕಿ ಎತ್ತಿದರೆ ಒಂದೇ ಉಂಡೆ, ಹೀಗೆ.

ಸರಿ, ಈಗ ತುಳಿಯುತ್ತೇನೆ. ಅಜ್ಜಿ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ, ಈ ಕಡೆ ನೋಡುತ್ತಲೂ ಇಲ್ಲ ಅಂದುಕೊಂಡಿದ್ದೆ.

"ಕಾಯ್ತು, ಕಾಲು ತೆಗಿಯೋ."

ಇಕ್ಕಳದಲ್ಲಿ ಎತ್ತಿ ನೋಡಿದೆ. ಸರಿಯಾಗಿ ಕಿತ್ತಳೆ ಬಣ್ಣ.