ಕಯಾಕ್‌ನಲ್ಲಿ ಕುಳಿತವರ ಗಾಳ

ಸಭಿಕರೇ,

ಗಾಳದ ಕೋಲು, ದಾರ ಸುತ್ತುವ ರೀಲು, ಕೊಕ್ಕೆ, ಕೈಬಲೆ ಮೊದಲಾದವು ಬಹುಮಟ್ಟಿಗೆ ದಡದ ಮೇಲೋ ದೊಡ್ಡ ದೋಣಿಯಲ್ಲೋ ನಿಂತು ಮೀನು ಹಿಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಲಕರಣೆಗಳು. ನಿಂತವರಿಗೆ ಹಿಂದೆ ಸರಿಯಲು ಜಾಗವಿರುತ್ತದೆ. ಕೊಕ್ಕೆ ಕಚ್ಚಿಕೊಂಡ ಮೀನು ಒದ್ದಾಡಿದರೆ ಎರಡು ಹೆಜ್ಜೆ ಆಚೆಗೆ ಹೋಗಬಹುದು. ಆದರೆ ಕಯಾಕ್ ಎಂಬುದು ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ; ಮೀನು ಹಿಡಿಯಲೆಂದೇ ಅಗಲವಾಗಿ ಮಾಡಿದ ಕಯಾಕ್ ಕೂಡ ಸಾಮಾನ್ಯವಾಗಿ 75ರಿಂದ 90 ಸೆಂಟಿಮೀಟರ್ ಅಗಲವಷ್ಟೇ ಇರುತ್ತದೆ. ಅದರಲ್ಲಿ ಕಾಲು ಚಾಚಿ ಕುಳಿತವರಿಗೆ ಸೊಂಟದಿಂದ ಕೆಳಗಿನ ದೇಹ ಇದ್ದೂ ಇಲ್ಲದಂತೆಯೇ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಎರಡು ತೋಳುಗಳು ಮಾತ್ರ. ತಲೆ ದೋಣಿಯ ಅಂಚನ್ನು ದಾಟಿ ಹೊರಗೆ ಬಾಗಿತೆಂದರೆ ದೇಹದ ಭಾರವೂ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಕಯಾಕ್‌ಗೆ ತರುವ ಪ್ರತಿಯೊಂದು ಸಾಮಾನನ್ನೂ ಬಾಗದೆ ಕೈಗೆ ಎಟುಕುತ್ತದೆಯೇ, ಕೈಬಿಡಬೇಕಾದಾಗ ತಕ್ಷಣ ಬಿಟ್ಟುಹೋಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆ ಹೊಸದಲ್ಲ. ಕಯಾಕ್ ಮೂಲತಃ ಬೇಟೆಯ ದೋಣಿಯೇ. ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ಈಟಿಯ ಹಗ್ಗವನ್ನು ತಮ್ಮ ಮುಂದಿನ ಸಣ್ಣ ಮಣೆಯೊಂದರ ಮೇಲೆ ಸುರುಳಿಯಾಗಿ ಸುತ್ತಿಟ್ಟು, ಅದರ ಇನ್ನೊಂದು ತುದಿಗೆ ಗಾಳಿ ತುಂಬಿದ ಸೀಲ್ ಚರ್ಮದ ಚೀಲವನ್ನು ಕಟ್ಟಿ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಈಟಿ ನಾಟಿದೊಡನೆ ಚೀಲ ನೀರಿಗೆ ಹೋಗುತ್ತಿತ್ತು. ಗಾಯಗೊಂಡ ಪ್ರಾಣಿ ಎಳೆದಾಡುತ್ತಿದ್ದುದು ಆ ಚೀಲವನ್ನೇ ಹೊರತು ದೋಣಿಯನ್ನಲ್ಲ. ಹಗ್ಗ ಸಿಕ್ಕು ಬೀಳದೆ ಬಿಚ್ಚಿಕೊಳ್ಳುವುದರ ಮೇಲೆ ಬೇಟೆಗಾರನ ಪ್ರಾಣವೇ ನಿಂತಿತ್ತು.

ಮೊದಲು ಕೋಲಿನ ವಿಷಯ. ಆರೂವರೆಯಿಂದ ಏಳೂವರೆ ಅಡಿ ಉದ್ದದ ಕೋಲು ಹೆಚ್ಚಿನ ಕೆಲಸಗಳಿಗೆ ಸರಿಹೋಗುತ್ತದೆ. ಅದಕ್ಕಿಂತ ತೀರಾ ಗಿಡ್ಡವಾದರೆ, ಮೀನು ದೋಣಿಯ ಮುಂತುದಿಯನ್ನು ಸುತ್ತಿ ಇನ್ನೊಂದು ಬದಿಗೆ ನುಗ್ಗಿದಾಗ ಕೋಲಿನ ತುದಿ ಅಷ್ಟು ದೂರ ಮುಟ್ಟುವುದಿಲ್ಲ. ದಾರ ದೋಣಿಯ ತಳಕ್ಕೆ ಉಜ್ಜಿ ಕಡಿಯುತ್ತದೆ. ಹಾಗೆಂದು ಸಮುದ್ರತೀರದಲ್ಲಿ ಬಳಸುವ ಹತ್ತು ಹನ್ನೆರಡು ಅಡಿಯ ಕೋಲನ್ನು ತಂದರೆ ಮೀನು ಹತ್ತಿರ ಬಂದೂ ಕೈಗೆ ಸಿಗುವುದಿಲ್ಲ. ಅದನ್ನು ಎಳೆದುಕೊಳ್ಳಲು ಕೋಲನ್ನು ತಲೆಯ ಹಿಂದಕ್ಕೆ ಬಗ್ಗಿಸಬೇಕಾಗುತ್ತದೆ. ಆಗ ಭಾರವೆಲ್ಲ ತೆಳುವಾದ ತುದಿಯ ಮೇಲೆ ಬಿದ್ದು ಕೋಲು ಮುರಿಯುತ್ತದೆ. ರೀಲಿನ ಹಿಂದಿರುವ ಹಿಡಿಕೆಯ ಉದ್ದವನ್ನು ಅಂಗಡಿಯಲ್ಲಿ ನಿಂತು ನೋಡುವಾಗ ಯಾರೂ ಗಮನಿಸುವುದಿಲ್ಲ. ಲೈಫ್ ಜಾಕೆಟ್ ತೊಟ್ಟು ಕುಳಿತು ಹಿಡಿದು ನೋಡಿ: ಉದ್ದನೆಯ ಹಿಡಿಕೆ ಪ್ರತಿ ಸುತ್ತಿಗೂ ಜಾಕೆಟ್ಟಿಗೆ ತಗಲುತ್ತದೆ, ಕೋಲನ್ನು ಎಡದಿಂದ ಬಲಕ್ಕೆ ಹೊರಳಿಸಲು ಬಿಡುವುದಿಲ್ಲ. ಮುಂಗೈಗಿಂತ ಚಿಕ್ಕದಾದ ಹಿಡಿಕೆಯೇ ಅನುಕೂಲ.

ಕೋಲಿನ ಜೊತೆಗೇ ಲೀಡರ್ ದಾರದ ಉದ್ದವನ್ನೂ ಯೋಚಿಸಬೇಕು. ಮುಖ್ಯ ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ಈ ತುಂಡು ಕೋಲಿಗಿಂತ ಉದ್ದವಾಗಿದ್ದರೆ, ಮೀನು ಹತ್ತಿರವಾಗುವ ಹೊತ್ತಿಗೆ ಗಂಟು ಕೋಲಿನ ಉಂಗುರಗಳೊಳಗೆ ನುಸುಳಲೇಬೇಕಾಗುತ್ತದೆ. ಅದು ತುದಿಯ ಉಂಗುರದಲ್ಲಿ ಸಿಕ್ಕಿಕೊಂಡಿತೆಂದರೆ ಮೀನು ಎರಡು ಮೀಟರ್ ಆಚೆ ನಿಂತುಬಿಡುತ್ತದೆ. ದಡದಲ್ಲಾಗಿದ್ದರೆ ಹಿಂದೆ ನಡೆದು ಎಳೆಯಬಹುದಿತ್ತು. ಒಂದು ಮೀಟರಿನಷ್ಟು ಲೀಡರ್ ಬಹುತೇಕ ಸಂದರ್ಭಗಳಿಗೆ ಸಾಕು.

ಇನ್ನು ಕೊಕ್ಕೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚಾಗಿಯೇ ಮಾತನಾಡುತ್ತೇನೆ, ಏಕೆಂದರೆ ಪಾಠ ಕಲಿತಿರುವುದು ಸ್ವಂತ ಚರ್ಮದ ಮೇಲೆ. ಲೂರ್ ಎಂದು ಕರೆಯುವ ಕೃತಕ ಮೀನುಗಳಿಗೆ ಹೊಟ್ಟೆಯಲ್ಲೊಂದು, ಬಾಲದಲ್ಲೊಂದು ಮೂರು ಮೊನೆಗಳ ಟ್ರೆಬಲ್ ಕೊಕ್ಕೆ ಇರುವುದು ಸಾಮಾನ್ಯ. ಅಂದರೆ ಒಂದು ಬೆರಳುದ್ದದ ವಸ್ತುವಿನಲ್ಲಿ ಆರು ಮೊನೆಗಳು. ಒಮ್ಮೆ ಮೊಣಕೈ ಉದ್ದದ ಮೀನನ್ನು ತೊಡೆಯ ಮೇಲೆ ಎತ್ತಿಕೊಂಡೆ. ಹಿಂದಿನ ಕೊಕ್ಕೆ ಅದರ ದವಡೆಯಲ್ಲಿತ್ತು. ಮೀನು ಒಮ್ಮೆ ಕೊಸರಿದಾಗ ಮುಂದಿನ ಕೊಕ್ಕೆ ನನ್ನ ಹೆಬ್ಬೆರಳಿನ ಬುಡದಲ್ಲಿ ಹೂತಿತು. ಆಮೇಲೆ ಅದರ ಪ್ರತಿಯೊಂದು ಒದ್ದಾಟವೂ ನೇರವಾಗಿ ನನ್ನ ಮೂಳೆಗೇ ತಲುಪುತ್ತಿತ್ತು. ಇಕ್ಕಳ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿತ್ತು. ತಿರುಗಿದರೆ ದೋಣಿ ವಾಲುತ್ತಿತ್ತು. ಕೊನೆಗೆ ಮೀನನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಒಂದೇ ಕೈಯಲ್ಲಿ ಪೆಟ್ಟಿಗೆಯನ್ನು ತಡಕಿದೆ.

ಅಂದಿನಿಂದ ಮೂರು ಬದಲಾವಣೆಗಳನ್ನು ಮಾಡಿಕೊಂಡಿದ್ದೇನೆ. ಟ್ರೆಬಲ್ ಕೊಕ್ಕೆಗಳನ್ನು ತೆಗೆದು ಒಂಟಿ ಮೊನೆಯ ಕೊಕ್ಕೆಗಳನ್ನು ಹಾಕುತ್ತೇನೆ. ಹಾಗೆ ಹಾಕಿದಾಗ ಲೂರಿನ ತೂಕ ಬದಲಾಗಿ ಅದರ ಈಜುವ ಚಲನೆಯೂ ಬದಲಾಗಬಹುದಾದ್ದರಿಂದ, ಎಸೆಯುವ ಮೊದಲು ದೋಣಿಯ ಪಕ್ಕದಲ್ಲೇ ಒಂದು ಮಾರು ಎಳೆದು ನೋಡಬೇಕು. ಒಂದು ಬದಿಗೆ ಮಲಗಿದರೆ ಕೊಕ್ಕೆಯ ಅಳತೆಯನ್ನು ಬದಲಿಸಬೇಕು. ಎರಡನೆಯದಾಗಿ, ಮೊನೆಯ ಒಳಗಿರುವ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುತ್ತೇನೆ. ಇದರಿಂದ ಮೀನು ತಪ್ಪಿಸಿಕೊಳ್ಳುತ್ತದೆ ಎಂಬ ಆಕ್ಷೇಪವಿದೆ. ದಾರ ಸಡಿಲಾಗಲು ಬಿಟ್ಟರೆ ತಪ್ಪಿಸಿಕೊಳ್ಳುವುದು ನಿಜ, ಬಿಗಿಯಾಗಿಟ್ಟರೆ ಅಪರೂಪ. ಹಿಮ್ಮುಳ್ಳಿಲ್ಲದ ಕೊಕ್ಕೆ ಮಾತ್ರ ಕೈಯಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮೂರನೆಯದಾಗಿ, ಇಕ್ಕಳ ಈಗ ಲೈಫ್ ಜಾಕೆಟ್ಟಿನ ಎದೆಯ ಮೇಲಿದೆ. ಕೈಬಲೆಯನ್ನೂ ಗಿಡ್ಡ ಹಿಡಿಕೆಯ, ರಬ್ಬರ್ ಜಾಲದ ಬಲೆಗೆ ಬದಲಿಸಿದ್ದೇನೆ; ನೂಲಿನ ಜಾಲದಲ್ಲಿ ಕೊಕ್ಕೆ ಸಿಕ್ಕಿಕೊಂಡಂತೆ ರಬ್ಬರಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಎಳೆತದ ವಿಷಯಕ್ಕೆ ಬರೋಣ. ರೀಲಿನ ಡ್ರ್ಯಾಗ್ ಅಂದರೆ, ಮೀನು ಎಷ್ಟು ಬಲದಿಂದ ಎಳೆದರೆ ದಾರ ತಾನಾಗಿ ಬಿಟ್ಟುಕೊಳ್ಳಬೇಕೆಂಬ ಬಿಗಿತ. ದಾರ ತುಂಡಾಗುವ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲಿಗೆ ಇದನ್ನು ಹೊಂದಿಸುವುದು ದಡದ ರೂಢಿ. ಕಯಾಕ್‌ನಲ್ಲಿ ದೋಣಿಯೇ ಮೀನಿನ ಹಿಂದೆ ಸಾಗುವುದರಿಂದ, ಅದನ್ನು ಎಳೆದೇ ಮೀನು ದಣಿಯುತ್ತದೆ. ಅಷ್ಟು ಬಿಗಿತ ಬೇಕಾಗುವುದಿಲ್ಲ. ಹತ್ತು ಕಿಲೋ ತಡೆಯುವ ದಾರಕ್ಕೆ ನಾನು ಎರಡು ಕಿಲೋಗಿಂತ ಹೆಚ್ಚು ಬಿಗಿಯುವುದಿಲ್ಲ, ಅದನ್ನೂ ಅಂದಾಜಿನಲ್ಲಲ್ಲದೆ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೋಡುತ್ತೇನೆ. ಬಲಕ್ಕಿಂತ ಮುಖ್ಯವಾದದ್ದು ದಿಕ್ಕು. ಮುಂತುದಿಯ ಕಡೆಗೆ ಎಳೆದರೆ ದೋಣಿ ಮುಂದೆ ಹೋಗುತ್ತದೆ, ಬದಿಗೆ ಎಳೆದರೆ ವಾಲುತ್ತದೆ. ಆದ್ದರಿಂದ ಕೋಲಿನ ತುದಿಯನ್ನು ಮುಂದಕ್ಕೆ ಚಾಚಿ ಮೀನನ್ನು ಅತ್ತ ತಿರುಗಿಸಬೇಕು. ಕೊಕ್ಕೆ ತಳದ ಕಲ್ಲಿಗೆ ಸಿಕ್ಕಿಕೊಂಡರೆ ದಾರವನ್ನು ಕೈಗೆ ಸುತ್ತಿ ಎಳೆಯಲೇಬಾರದು: ಹೆಣೆದ ದಾರ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಬೆರಳನ್ನು ಕೊಯ್ಯುತ್ತದೆ. ಎದೆಯ ಮೇಲೆ ಮೊಂಡುತುದಿಯ ಚಾಕು ಇರಬೇಕಾದ್ದು ಇದಕ್ಕಾಗಿಯೇ.

ಲಂಗರಿಗೂ ಇದೇ ನ್ಯಾಯ. ಸೆಳವಿನಲ್ಲಿ ಅದನ್ನು ದೋಣಿಯ ನಡುಬದಿಗೆ ಕಟ್ಟಿದರೆ ದೋಣಿ ಅಡ್ಡಲಾಗಿ ನಿಂತು, ನೀರು ಒಂದು ಬದಿಗೆ ಒತ್ತಿ ಮಗುಚಬಹುದು. ದೋಣಿಯ ಉದ್ದಕ್ಕೆ ರಾಟೆಯ ಮೇಲೆ ಓಡುವ ಹಗ್ಗವೊಂದನ್ನು ಅಳವಡಿಸಿದರೆ, ಕುಳಿತಲ್ಲಿಂದಲೇ ಲಂಗರನ್ನು ತುದಿಗೆ ಸಾಗಿಸಬಹುದು. ಹಗ್ಗಕ್ಕೆ ಒಂದು ತೇಲುಬುಂಡೆ, ದೋಣಿಯ ಕಡೆಗೆ ಒಂದೇ ಎಳೆತಕ್ಕೆ ಬಿಚ್ಚುವ ಕುಣಿಕೆ ಇದ್ದರೆ, ಅವಸರದಲ್ಲಿ ಲಂಗರನ್ನು ಅಲ್ಲೇ ಬಿಟ್ಟು ಹೊರಟು ಮತ್ತೆ ಬಂದು ತೆಗೆದುಕೊಳ್ಳಬಹುದು. ಸೀಲ್ ಚರ್ಮದ ಚೀಲದ ಉಪಾಯವೂ ಹೆಚ್ಚುಕಡಿಮೆ ಇದೇ ಆಗಿತ್ತು.

ಕೆಲವರು ಕೋಲು, ಇಕ್ಕಳ, ಪೆಟ್ಟಿಗೆ, ಹುಟ್ಟು ಎಲ್ಲಕ್ಕೂ ಉದ್ದುದ್ದ ದಾರ ಕಟ್ಟಿರುತ್ತಾರೆ. ಮಗುಚಿದಾಗ ಆ ದಾರಗಳೆಲ್ಲ ಸೇರಿ ಬಲೆಯಾಗುತ್ತವೆ, ಅದರೊಳಗೆ ಸಿಕ್ಕುವ ಮೀನು ನಾವೇ. ಹುಟ್ಟಿಗೂ ಬೆಲೆಬಾಳುವ ಕೋಲಿಗೂ ಸುರುಳಿಯಾಗಿ ಕುಗ್ಗುವ ಗಿಡ್ಡ ದಾರ ಸಾಕು. ಉಳಿದವಕ್ಕೆ ತೇಲುವ ಫೋಮ್ ತುಂಡು ಸುತ್ತಿದರಾಯಿತು. ಗುಡುಗಿನ ಸದ್ದು ಕೇಳಿದರೆ ಹಿಂದೆ ನೆಟ್ಟಗೆ ನಿಲ್ಲಿಸಿದ ಕೋಲುಗಳನ್ನು ಮಲಗಿಸಿ ದಡ ಸೇರಬೇಕು, ಏಕೆಂದರೆ ಕಾರ್ಬನ್ ನಾರಿನ ಕೋಲು ವಿದ್ಯುತ್ ಹರಿಸುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೆ, ಕೊಕ್ಕೆಗಳನ್ನು ಕಟ್ಟುವ ಮೊದಲು, ಲೈಫ್ ಜಾಕೆಟ್ ತೊಟ್ಟು, ಜೊತೆಗೊಬ್ಬರನ್ನು ಇಟ್ಟುಕೊಂಡು, ಎದೆಮಟ್ಟದ ನಿಂತ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ ನೋಡಿ. ಯಾವುದು ಮುಳುಗಿತು, ಯಾವ ದಾರ ಕಾಲಿಗೆ ಸುತ್ತಿತು, ಮತ್ತೆ ಹತ್ತುವಾಗ ಕೋಲು ನಿಲ್ಲಿಸುವ ಯಾವ ರಾಡ್ ಹೋಲ್ಡರ್ ಹೊಟ್ಟೆಗೆ ಚುಚ್ಚಿತು ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಅಡ್ಡ ಬಂದದ್ದು ಬಲಬದಿಯ ಹೋಲ್ಡರ್; ಈಗ ಆ ಬದಿಯಲ್ಲಿ ಏನನ್ನೂ ಇಡುವುದಿಲ್ಲ, ದೋಣಿಗೆ ಮರಳಿ ಹತ್ತುವುದು ಅಲ್ಲಿಂದಲೇ.