ಮಲ್ಲಿಗೆಯ ಮಾರು ಮತ್ತು ಕ್ಯಾಮೆರಾದ ಗುಂಡಿ

ಈಗ ನೀವು ನೋಡುತ್ತಿರುವುದು ಬೆಳಗಿನ ಜಾವದ ಕೆ.ಆರ್. ಮಾರುಕಟ್ಟೆ. ಮೂಟೆ ಇಳಿಯುವುದು, ರಾಶಿ ಬೀಳುವುದು, ಚೌಕಾಸಿ, ನೂಕುನುಗ್ಗಲು ಎಲ್ಲವೂ ದೃಶ್ಯದಲ್ಲೇ ಇರುವುದರಿಂದ ಅವುಗಳನ್ನು ನಾನು ವಿವರಿಸುವುದಿಲ್ಲ. ನಾನು ಇಲ್ಲಿಗೆ ಬಂದದ್ದು ಒಂದೇ ಒಂದು ಚಿತ್ರಕ್ಕಾಗಿ. ಹೂವು ಮಾರುವ ಅಮ್ಮ ಎರಡೂ ತೋಳುಗಳನ್ನು ಪೂರ್ತಿ ಚಾಚಿ ಒಂದು ಮಾರು ಅಳೆಯುವಾಗ, ಮಲ್ಲಿಗೆಯ ಮಾಲೆ ಅವರ ಎದೆಯ ಮುಂದೆ ನೇರ ಗೆರೆಯಾಗಿ ಬಿಗಿಯುತ್ತದೆ. ತೋಳು ಮಡಿಯಿತೆಂದರೆ ಆ ಗೆರೆ ಇಲ್ಲ.

ಆ ಚಿತ್ರ ನನಗೆ ಸಿಗಲಿಲ್ಲ. ಹೇಗೆ ತಪ್ಪಿತೆಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ 1,48,000 ರೂಪಾಯಿ ಕೊಟ್ಟು ತಂದ ಕ್ಯಾಮೆರಾ ನನ್ನ ಕೈಯಲ್ಲಿತ್ತು, ಬೆಳಕು ಸಾಕಷ್ಟಿತ್ತು, ಅಮ್ಮನ ಒಪ್ಪಿಗೆಯೂ ಇತ್ತು. ಕ್ಯಾಮೆರಾದ ಬೆಳಕಿನ ಮಾಪಕವು ತನ್ನ ಮುಂದಿರುವುದನ್ನೆಲ್ಲ ನಡುಬೂದು ಬಣ್ಣದ್ದೆಂದೇ ಭಾವಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಮಲ್ಲಿಗೆಯ ರಾಶಿ ಚೌಕಟ್ಟನ್ನು ತುಂಬಿದಾಗ ಅದು ಬೆಳಕನ್ನು ತಗ್ಗಿಸಿಬಿಡುತ್ತದೆ, ಹೂವು ಹಿಂದಿನ ದಿನದ್ದರಂತೆ ಮಂಕಾಗಿ ಕಾಣುತ್ತದೆ. ಇದಕ್ಕೆ ಪರಿಹಾರ ಬಹಳ ಸರಳ: ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಒಂದು ಸ್ಟಾಪ್ ಏರಿಸಬೇಕು, ಅಂದರೆ ಬೆಳಕನ್ನು ಎರಡರಷ್ಟು ಮಾಡಬೇಕು. ನನ್ನ ಹಳೆಯ ಕ್ಯಾಮೆರಾದಲ್ಲಿ ಅದಕ್ಕಾಗಿಯೇ ಹೆಬ್ಬೆರಳಿನ ಕೆಳಗೆ ಒಂದು ಡಯಲ್ ಇತ್ತು. ಮೂರು ಸಲ ಟಕ್ ಟಕ್ ಟಕ್ ಎಂದರೆ ಒಂದು ಸ್ಟಾಪ್. ವ್ಯೂಫೈಂಡರಿನಿಂದ ಕಣ್ಣು ತೆಗೆಯುವ ಅಗತ್ಯವೇ ಇರಲಿಲ್ಲ.

ಹೊಸ ಕ್ಯಾಮೆರಾದಲ್ಲಿ ಅದೇ ಕೆಲಸಕ್ಕೆ ಪರದೆಯ ಮೂಲೆಯ ಚಿಹ್ನೆಯನ್ನು ಮುಟ್ಟಿ, ಆಮೇಲೆ ಬೆರಳನ್ನು ಅಡ್ಡಲಾಗಿ ಎಳೆಯಬೇಕು. ಅಮ್ಮ ಆಗತಾನೆ ಹೂವಿಗೆ ನೀರು ಚಿಮುಕಿಸಿದ್ದರು, ಮಾಲೆಯ ಒಂದು ತುದಿಯನ್ನು ಹಿಡಿದುಕೊಟ್ಟಿದ್ದ ನನ್ನ ಬೆರಳುಗಳೂ ಒದ್ದೆಯಾಗಿದ್ದವು. ಪರದೆ ಒದ್ದೆ ಬೆರಳಿಗೆ ಸ್ಪಂದಿಸಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಮುಟ್ಟುವಷ್ಟರಲ್ಲಿ, ಹಿಡಿತ ಸಾಲದೆ ಜಾರಿದ ಹೆಬ್ಬೆರಳು ಪಕ್ಕದ ಕೆಂಪು ಗುಂಡಿಯನ್ನು ಒತ್ತಿ ವಿಡಿಯೊ ಆರಂಭವಾಯಿತು. ಅದನ್ನು ನಿಲ್ಲಿಸಿ ತಲೆಯೆತ್ತಿದಾಗ ಮೂರು ಮಾರು ಹೂವು ಎಲೆಯೊಳಗೆ ಸುತ್ತಿ ಆಗಿತ್ತು. "ಏನಪ್ಪಾ, ಇನ್ನೂ ತೆಗೀಲಿಲ್ವಾ? ಬೋಣಿ ಹೊತ್ತಲ್ಲಿ ಇನ್ನೊಂದ್ಸಲ ಅಳಿ ಅಂದ್ರೆ ಆಗಲ್ಲ" ಎಂದರು ಅಮ್ಮ. ಅವರ ಮಾತು ನ್ಯಾಯವಾದದ್ದೇ.

ಸೆನ್ಸರ್ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಈಗ ತೆರೆಯ ಮೇಲಿರುವ ಕನಕಾಂಬರದ ಬುಟ್ಟಿಯನ್ನು 6400 ಐಎಸ್‌ಒದಲ್ಲಿ, ಅಂದರೆ ಮಂದ ಬೆಳಕಿಗಾಗಿ ಸಂವೇದನೆಯನ್ನು ಬಹಳ ಏರಿಸಿ, ತೆಗೆದಿದ್ದೇನೆ. ನೆರಳಿನ ಭಾಗದಲ್ಲೂ ಎಸಳುಗಳ ಅಂಚು ಸ್ಪಷ್ಟವಾಗಿದೆ, ಹಳೆಯ ಕ್ಯಾಮೆರಾಗೆ ಇದು ಸಾಧ್ಯವೇ ಇರಲಿಲ್ಲ. ಈ ಬೆಲೆಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಇಲ್ಲವೆಂದು ಕಳೆದ ತಿಂಗಳು ನಾನೇ ಹೇಳಿದ್ದೆ. ಆ ಮಾತಿನಲ್ಲಿ ಅರ್ಧವನ್ನು ಉಳಿಸಿಕೊಂಡು ಅರ್ಧವನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ, ಏಕೆಂದರೆ ತೆಗೆಯಲಾಗದೆ ಹೋದ ಚಿತ್ರಕ್ಕೆ ಗುಣಮಟ್ಟ ಎಂಬುದೇ ಇರುವುದಿಲ್ಲ.

ನನ್ನ ಚಿಕ್ಕಪ್ಪ ಚಾಮರಾಜಪೇಟೆಯಲ್ಲಿ ಮದುವೆ ಫೋಟೋಗಳನ್ನು ತೆಗೆಯುತ್ತಿದ್ದರು. ಅವರ ಬಳಿ ಇದ್ದದ್ದು 1982ರಲ್ಲಿ ಬಂದ ನಿಕಾನ್ ಎಫ್‌ಎಂ2. ಅದರ ಬ್ಯಾಟರಿ ಇರುವುದು ಬೆಳಕಿನ ಮಾಪಕಕ್ಕಷ್ಟೇ; ಬ್ಯಾಟರಿ ಸತ್ತರೂ 1/4000 ಸೆಕೆಂಡಿನವರೆಗಿನ ಎಲ್ಲ ಶಟರ್ ವೇಗಗಳೂ ಕೆಲಸ ಮಾಡುತ್ತವೆ. ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬಳೆ ಎಡಗೈಯ ಬೆರಳುಗಳಿಗೆ, ಶಟರ್ ಡಯಲ್ ಬಲಗೈಗೆ. ಗಟ್ಟಿಮೇಳ ಆರಂಭವಾಗಿ ಎಲ್ಲರೂ ಅಕ್ಷತೆಗೆ ಕೈ ಎತ್ತುತ್ತಿದ್ದಂತೆ ಚಿಕ್ಕಪ್ಪ ಮಂಟಪದ ಕಡೆಗೇ ದೃಷ್ಟಿ ನೆಟ್ಟು, ಎದೆಯ ಮೇಲೆ ತೂಗುತ್ತಿದ್ದ ಕ್ಯಾಮೆರಾದ ಅಪರ್ಚರ್ ಬಳೆಯನ್ನು ಎರಡು ಹೆಜ್ಜೆ ತಿರುಗಿಸುತ್ತಿದ್ದುದನ್ನು ನಾನು ಪಕ್ಕದಲ್ಲೇ ಫ್ಲ್ಯಾಶ್ ಹಿಡಿದು ನಿಂತು ನೋಡಿದ್ದೇನೆ. ತಾಳಿ ಕಟ್ಟುವುದನ್ನು ಯಾರೂ ಎರಡನೆಯ ಸಲ ಮಾಡಿ ತೋರಿಸುವುದಿಲ್ಲವಷ್ಟೆ.

ತಯಾರಕರಿಗೂ ಈ ವಿಷಯ ಹೊಸದಲ್ಲ. 1959ರ ನಿಕಾನ್ ಎಫ್‌ನಲ್ಲಿ ಕ್ಲಿಕ್ ಮಾಡುವ ಗುಂಡಿ ಮೇಲ್ಭಾಗದಲ್ಲಿ ತೀರಾ ಹಿಂದಕ್ಕಿತ್ತು, ತೋರುಬೆರಳನ್ನು ಮಡಚಿ ಹಿಂದೆ ತರಬೇಕಿತ್ತು. 1971ರ ಎಫ್2ನಲ್ಲಿ ಅದನ್ನು ಬೆರಳು ಸಹಜವಾಗಿ ಬೀಳುವಲ್ಲಿಗೆ ಮುಂದಕ್ಕೆ ತಂದರು. 1986ರ ಕ್ಯಾನನ್ ಟಿ90 ಇನ್ನೂ ಮುಂದೆ ಹೋಗಿ, ಕೈಗೆ ಒಗ್ಗುವ ದುಂಡು ಹಿಡಿತವನ್ನೂ ತೋರುಬೆರಳಿನ ಬಳಿಯೇ ಒಂದು ಡಯಲನ್ನೂ ಕೊಟ್ಟಿತು. ಇಂದಿನ ಅನೇಕ ಕ್ಯಾಮೆರಾಗಳ ಆಕಾರದಲ್ಲಿ ಅದರ ಛಾಯೆ ಇದೆ.

ಇದು ಲಾಲ್‌ಬಾಗ್. ದೃಶ್ಯ ಚಿಕ್ಕದು, ಬೇಗ ಹೇಳುತ್ತೇನೆ. ಸ್ಪರ್ಶಪರದೆಯೇ ಬೇಡವೆಂದು ಮಾರುಕಟ್ಟೆಯಿಂದ ಹೊರಬರುವಾಗ ನಿರ್ಧರಿಸಿದ್ದೆ, ಇಲ್ಲಿ ಆ ಅಭಿಪ್ರಾಯ ಬದಲಾಯಿತು. ನೆಲಕ್ಕೆ ತಾಗುವಂತೆ ಹಿಡಿದ ಕ್ಯಾಮೆರಾದ ಪರದೆಯನ್ನು ಮೇಲಕ್ಕೆ ತಿರುಗಿಸಿ, ಎಲೆಯ ಮೇಲಿನ ಇರುವೆಯ ಮೇಲೆ ಬೆರಳಿಟ್ಟರೆ ಫೋಕಸ್ ಅಲ್ಲಿಯೇ ನಿಲ್ಲುತ್ತದೆ. ಇದು ನಿಜಕ್ಕೂ ಅನುಕೂಲ. ಬೇಡವಾದದ್ದು ಪರದೆಯಲ್ಲ, ಡಯಲ್ ಇರಬೇಕಾದ ಕಡೆ ಪರದೆಯನ್ನು ಇಟ್ಟಿರುವುದು.

ಮೆನುವಿನಲ್ಲಿ ಎಲ್ಲವನ್ನೂ ಬದಲಾಯಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಎರಡು ಸಂಜೆ ಕುಳಿತು ನಾನೂ ಬದಲಾಯಿಸಿದೆ: ಲೆನ್ಸಿನ ಬಳೆಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಕೊಟ್ಟೆ, ಕೆಂಪು ಗುಂಡಿಗೆ ಫೋಟೋ ತೆಗೆಯುವಾಗ ಕೆಲಸವಿಲ್ಲದಂತೆ ಮಾಡಿದೆ. ಈಗ ಎಷ್ಟೋ ವಾಸಿ. ಆದರೆ ಆ ಬಳೆಗೆ ಹೆಜ್ಜೆಗಳಿಲ್ಲ, ಎಣ್ಣೆ ಹಾಕಿದಂತೆ ನುಣ್ಣಗೆ ತಿರುಗುವುದರಿಂದ ಎಷ್ಟು ತಿರುಗಿಸಿದೆನೆಂದು ನೋಡಿಯೇ ತಿಳಿಯಬೇಕು. ಹಿಡಿತದ ಆಳವನ್ನಂತೂ ಯಾವ ಮೆನುವೂ ಹೆಚ್ಚಿಸಲಾರದು, ಕಿರುಬೆರಳು ಇಂದಿಗೂ ಗಾಳಿಯಲ್ಲೇ ಇದೆ. ನೀವು ಅಂಗಡಿಗೆ ಹೋದಾಗ ದಯವಿಟ್ಟು ಮಾದರಿ ಚಿತ್ರಗಳನ್ನು ಆಮೇಲೆ ನೋಡಿ. ಮೊದಲು ಕಣ್ಣು ಮುಚ್ಚಿ ಕ್ಯಾಮೆರಾವನ್ನು ಕೈಗೆ ತೆಗೆದುಕೊಳ್ಳಿ, ಆನ್ ಮಾಡಿ, ಬೆಳಕನ್ನು ಒಂದು ಸ್ಟಾಪ್ ಏರಿಸಿ, ಆಮೇಲೆ ಕಣ್ಣು ಬಿಟ್ಟು ಪರೀಕ್ಷಿಸಿ.

ಹಳೆಯ ಕ್ಯಾಮೆರಾಗೆ ಎಕ್ಸ್‌ಚೇಂಜಿನಲ್ಲಿ 14,000 ರೂಪಾಯಿ ಕೊಡುವುದಾಗಿ ಅಂಗಡಿಯವರು ಹೇಳಿದ್ದರು, ನಾನು ಕ್ಯಾಮೆರಾವನ್ನು ಕೊಡಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇದೆ, ಅಲ್ಲಿಗೆ ಅದನ್ನೇ ಕುತ್ತಿಗೆಗೆ ಹಾಕಿಕೊಂಡು ಹೋಗುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಮುಂಜಾನೆ ಮಾರುಕಟ್ಟೆಗೆ ಹೋಗಿ, ಬೋಣಿಯ ಹೊತ್ತು ಕಳೆದ ಮೇಲೆ, ಅಮ್ಮನಿಂದ ಎರಡು ಮಾರು ಮಲ್ಲಿಗೆಯನ್ನು ನಾನೇ ಕೊಳ್ಳುವವನಿದ್ದೇನೆ.