ಕ್ಯಾಸೆಟ್ ಕಂಪ್ಯೂಟರಿಗೆ ಹೋಗುವ ಮೊದಲು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಉಡುಪಿಗೆ ಬಂದಿದ್ದೀರಿ, ಸುಮಾರು ಜನರ ಕೈಯಲ್ಲಿ ಪ್ಲಾಸ್ಟಿಕ್ ಚೀಲವೂ ಕಾಣಿಸುತ್ತಿದೆ. ಕ್ಯಾಸೆಟ್ ತಂದಿದ್ದೀರಿ ಅಂತಾಯಿತು. ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕ್ಯಾಸೆಟ್ಟಿನ ಸ್ವರವನ್ನು ಕಂಪ್ಯೂಟರಿಗೆ ಇಳಿಸುವ ಈ ಕೆಲಸದಲ್ಲಿ ಕಂಪ್ಯೂಟರಿನ ಭಾಗ ಸುಲಭ, ಕಷ್ಟ ಇರುವುದೆಲ್ಲ ಟೇಪ್ ರೆಕಾರ್ಡರಿನ ಕಡೆ. ಹೆಚ್ಚಿನವರು ಸಿಕ್ಕಿದ ಪ್ಲೇಯರಿಗೆ ಕ್ಯಾಸೆಟ್ ಹಾಕಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿ ಮಾಡೋಣ ಅಂದುಕೊಳ್ಳುತ್ತಾರೆ. ಟೇಪಿನಿಂದ ಎದ್ದು ಬಾರದ ಸ್ವರವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಯಾವ ಕ್ಯಾಸೆಟ್ ಮೊದಲು? ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡು, ಭಕ್ತಿಗೀತೆ ಬದಿಗಿಡಿ, ಅವು ಬೇರೆ ಕಡೆಯೂ ಸಿಕ್ಕಾವು. ಮನೆಯವರೇ ರೆಕಾರ್ಡ್ ಮಾಡಿದ್ದನ್ನು ಮೊದಲು ಎತ್ತಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಅಂಥದ್ದು ಜಾಸ್ತಿ. ಗಲ್ಫಿಗೆ ಹೋದವರು ತಂದ ಟೂ-ಇನ್-ಒನ್, ಅಂದರೆ ರೇಡಿಯೋ ಸೇರಿದ ಟೇಪ್ ರೆಕಾರ್ಡರ್, ಎಷ್ಟೋ ಮನೆಗಳಲ್ಲಿತ್ತು, ಯಕ್ಷಗಾನ ಆಟಕ್ಕೆ ಹೋಗುವವರು ಅದನ್ನು ಹೊತ್ತುಕೊಂಡು ಹೋಗಿ ರಂಗಸ್ಥಳದ ಹತ್ತಿರ ಇಟ್ಟು, ಬೆಳಗಿನವರೆಗೆ ಕ್ಯಾಸೆಟ್ ಮಗುಚಿ ಮಗುಚಿ ಹಾಕುತ್ತಿದ್ದರು. ವೇಷವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ತಾಳಮದ್ದಳೆ ಇದೆ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಅಜ್ಜಿಯಂದಿರು ಹೇಳುತ್ತಿದ್ದ ತುಳು ಕಥನಗೀತೆ ಪಾಡ್ದನ ಇದೆ, ಮದುವೆ ಮನೆಯ ಶೋಭಾನೆ ಇದೆ, ಕಾಗದ ಬರೆಯುವ ಬದಲು ಮಾತಾಡಿ ದುಬೈಯಿಂದ ಕಳಿಸಿದ ಕ್ಯಾಸೆಟ್ ಇದೆ. ಯಕ್ಷಗಾನದ ಹಾಡುಗಾರ, ಅಂದರೆ ಭಾಗವತ, ಕಾಳಿಂಗ ನಾವಡರು 1990ರಲ್ಲಿ ತೀರಿಹೋದರು, ಪ್ರಾಯ ಇನ್ನೂ ಮೂವತ್ತರ ಆಚೀಚೆ. ಆಗ ಹುಟ್ಟದೇ ಇದ್ದವರೂ ಇವತ್ತು ಅವರ ಪದ ಕೇಳುತ್ತಾರೆ ಅಂದರೆ ಅದು ಕ್ಯಾಸೆಟ್ ಮಾಡಿದ ಉಪಕಾರ ಅಲ್ವಾ?

ಕ್ಯಾಸೆಟ್ ಕೈಗೆ ಬಂದ ಕೂಡಲೇ ಮಾಡುವ ಕೆಲಸ ಒಂದಿದೆ. ಅದರ ಬೆನ್ನಿನ ಕಡೆ ಎರಡು ತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಚೂರುಗಳಿವೆ. ಎರಡನ್ನೂ ಮುರಿದುಬಿಡಿ. ಮತ್ತೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಒಳಗಿನದ್ದು ಅಳಿಯುವುದಿಲ್ಲ.

ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯಿಂದ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯ ಹಾಗೆ ಕಂಡರೆ ಅದು ಬೂಷ್ಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬರುವಾಗ ಕ್ಯಾಸೆಟ್ಟಿಗೆ ಬಾರದೇ ಇರುತ್ತದಾ? ಅಂಥದ್ದನ್ನು ಒಳ್ಳೆಯ ಡೆಕ್ಕಿಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಲೇಬೇಡಿ, ಟೇಪಿನ ಸ್ವರ ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ, ಚೆನ್ನಾಗಿ ಒಣಗಲಿ. ಬಿಸಿಲಿಗೆ ಬೇಡ. ಒಣಗಿದ ಮೇಲೆ ಮನೆಯ ಹೊರಗೆ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪೆನ್ಸಿಲಿನಿಂದ ಸುರುಳಿ ತಿರುಗಿಸುತ್ತಾ ಒಣ ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ತಾಳ್ಮೆ ಬೇಕಾದ ಕೆಲಸ.

ಇನ್ನು ಪ್ಲೇಯರ್. ಯುಎಸ್‌ಬಿ ವಯರಿನ ಜೊತೆ ಆನ್‌ಲೈನಿನಲ್ಲಿ ಬರುವ ಅಗ್ಗದ ಚಿಕ್ಕ ಪ್ಲೇಯರ್ ಬಗ್ಗೆ ತುಂಬ ಜನ ಕೇಳುತ್ತಾರೆ. ನಾನು ಬೇಡ ಅಂತಲೇ ಹೇಳುವುದು. ಮೋಟರ್ ಒಂದೇ ವೇಗದಲ್ಲಿ ಓಡುವುದಿಲ್ಲ, ಭಾಗವತರ ಶ್ರುತಿ ಅಲ್ಲಾಡುತ್ತದೆ. ಹಳೆಯ ಡೆಕ್ ಒಂದನ್ನು ಹುಡುಕಿ ರಿಪೇರಿಯವರಿಂದ ಬೆಲ್ಟ್ ಹೊಸದು ಹಾಕಿಸಿ. ಹೆಡ್ಡನ್ನೂ ರಬ್ಬರ್ ರೋಲರನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಯಿಂದ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತರೆ ಹೆಡ್ ಶುಚಿಯಾಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಸ್ವಲ್ಪ ಕಡಿಮೆ, ಅಷ್ಟರಲ್ಲೇ ಎರಡೂ ಬದಿ ಸೇರಿ ಸ್ಟೀರಿಯೋದಲ್ಲಿ ನಾಲ್ಕು ಟ್ರ್ಯಾಕ್. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಹಾಗಾಗಿ ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಓರೆಯಲ್ಲಿತ್ತೋ ನಿಮ್ಮ ಡೆಕ್ಕಿನ ಹೆಡ್ಡೂ ಅದೇ ಓರೆಯಲ್ಲಿರಬೇಕು. ಕೂದಲೆಳೆ ವ್ಯತ್ಯಾಸವಾದರೂ ಸ್ವರ ಮಂಕಾಗುತ್ತದೆ, ಕಂಬಳಿ ಹೊದ್ದು ಮಾತಾಡಿದ ಹಾಗೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ಕ್ರೂ ಇದೆ, ಅಜಿಮತ್ ಸ್ಕ್ರೂ ಅನ್ನುತ್ತಾರೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಆಚೆ ಸ್ವಲ್ಪ, ಈಚೆ ಸ್ವಲ್ಪ ತಿರುಗಿಸಿ, ಕಾಲು ಸುತ್ತಿಗಿಂತ ಹೆಚ್ಚು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆಟದ ಕ್ಯಾಸೆಟ್ ಆದರೆ ತಾಳದ ಸದ್ದಿನ ಮೇಲೆ ಕಿವಿ ಇಡಿ, ತಾಳಮದ್ದಳೆಯಾದರೆ ಮಾತಾಡುವ ಅರ್ಥಧಾರಿಯ ಸಕಾರ ಶಕಾರದ ಮೇಲೆ. ಒಂದು ಕಡೆ ಬಂದಾಗ ಅದು ಥಟ್ಟನೆ ಚುರುಕಾಗಿ ಬಿಡಿಸಿಕೊಂಡು ಕೇಳುತ್ತದೆ. ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮತ್ತೆ ಮಾಡಬೇಕು, ಯಾಕೆಂದರೆ ಒಂದೊಂದು ಒಂದೊಂದು ಯಂತ್ರದಲ್ಲಿ ಆದದ್ದು. ರೆಕಾರ್ಡ್ ಮಾಡುವಾಗ ಡಾಲ್ಬಿ (ಟೇಪಿನ ಶ್ ಸದ್ದು ತಗ್ಗಿಸುವ ವ್ಯವಸ್ಥೆ) ಹಾಕಿರದಿದ್ದರೆ ಈಗಲೂ ಡಾಲ್ಬಿ ಆಫ್ ಇರಲಿ, ಇಲ್ಲದಿದ್ದರೆ ಇದ್ದ ಚುರುಕೂ ಹೋಗುತ್ತದೆ.

ಕಂಪ್ಯೂಟರಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ, ಡೆಕ್ಕಿನ ವಯರ್ ಚುಚ್ಚುವ ಲೈನ್-ಇನ್ ತೂತು ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತೆಗೆದುಕೊಳ್ಳಿ. ಒಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದು ಗಂಟೆಗೆ ಹೆಚ್ಚುಕಮ್ಮಿ 1 ಜಿಬಿ ಆಗುತ್ತದೆ. ಚೆಂಡೆ ಜೋರಾದಾಗಲೂ ಲೆವೆಲ್ ಮೈನಸ್ 6 ಡೆಸಿಬಲ್ ಹತ್ತಿರ ನಿಲ್ಲಲಿ, ಕೆಂಪು ಮುಟ್ಟಿ ಒಡೆದ ಸ್ವರಕ್ಕೆ ಮದ್ದಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಎಂಪಿ3 ಮಾಡಿ ಕಳಿಸಿ, ಆದರೆ ಮೂಲ ಫೈಲನ್ನು ಮುಟ್ಟಬೇಡಿ. ಶ್ ಅನ್ನುವ ಸದ್ದು ತೆಗೆಯಬೇಕಾದರೆ ಬೇರೆ ಪ್ರತಿ ಮಾಡಿಕೊಂಡು ಅದರಲ್ಲಿ ತೆಗೆಯಿರಿ. ಆ ಶ್ ಸದ್ದಿನ ಜೊತೆ ಅಜ್ಜಿಯ ಉಸಿರೂ ಹೋಗುತ್ತದೆ, ನನಗೆ ಅದು ಸುತರಾಂ ಇಷ್ಟವಿಲ್ಲ. ಎರಡು ಹಾರ್ಡ್ ಡಿಸ್ಕಿನಲ್ಲಿ ಇರಲಿ, ಒಂದು ಬೇರೆ ಊರಿನ ಮನೆಯಲ್ಲಿರಲಿ.

ಫೈಲಿಗೆ ಸುಮ್ನೆ ‘ಟೇಪ್ 1’ ಅಂತ ಹೆಸರು ಕೊಡಬೇಡಿ. ಯಾರ ಸ್ವರ, ಯಾವ ಊರು, ಯಾವ ಪ್ರಸಂಗ, ಯಾವ ವರ್ಷ ಬರೆದಿಡಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ, ಅವರು ಹೇಳುವುದನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಪಾಡ್ದನವೋ ಹಳೆಯ ಆಟವೋ ಸಿಕ್ಕಿದರೆ ಇಲ್ಲೇ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದವರ ಹತ್ತಿರ ಒಮ್ಮೆ ಮಾತಾಡಿ.

ಡೆಕ್ ಈ ಮೇಜಿನ ಮೇಲೆ ತಯಾರಿದೆ. ಬೂಷ್ಟು ಇಲ್ಲದ ಕ್ಯಾಸೆಟ್ ಇದ್ದವರು ಮುಂದೆ ಬನ್ನಿ, ಸ್ಕ್ರೂ ನೀವೇ ತಿರುಗಿಸಿ ನೋಡಿ.